ಸಾಲ ಬೇರೆ, ಋಣ ಬೇರೆ

ವೈದ್ಯನಾದವನು ಕೂಟದ ವಾರ್ತಾಪತ್ರಕ್ಕೆ ಬರೆಯುವುದೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲುಗಳ ಬಗ್ಗೆ ಎಂಬುದು ರೂಢಿ. ಈ ಸಲ ರೂಢಿ ಬಿಟ್ಟು ಹಣದ ಬಗ್ಗೆ ಬರೆಯುತ್ತಿದ್ದೇನೆ. ಬೇಸಿಗೆ ಬಂತೆಂದರೆ ನಮ್ಮ ಹತ್ತಾರು ಮನೆಗಳಲ್ಲಿ ಮಕ್ಕಳು ಕಾಲೇಜಿಗೆ ಹೊರಡುವ ಸಡಗರ. ಪಿಕ್‌ನಿಕ್ಕಿನಲ್ಲಿ ಅವರನ್ನು ಮುಂದೆ ಕರೆದು ಚಪ್ಪಾಳೆ ತಟ್ಟುತ್ತೇವೆ. ತಾಯಂದಿರು ಚಟ್ನಿಪುಡಿ, ಉಪ್ಪಿನಕಾಯಿ, ಪುಟ್ಟ ರೈಸ್ ಕುಕ್ಕರು, ಗಣಪತಿಯ ಒಂದು ಚಿಕ್ಕ ಮೂರ್ತಿ ಎಲ್ಲವನ್ನೂ ಕಟ್ಟಿಕೊಡುತ್ತಾರೆ. ತಂದೆಯಂದಿರು ಕಾರಿನ ತುಂಬ ಸಾಮಾನು ಹೇರಿ ಡಾರ್ಮಿಟರಿಯ ಮೂರನೆಯ ಮಹಡಿಗೆ ಹೊತ್ತು ಸೊಂಟ ಹಿಡಿದುಕೊಂಡು ಬರುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಬಹಳ ಮನೆಗಳಲ್ಲಿ ಒಂದು ಮಾತು ಹೇಳದೆಯೇ ಉಳಿದುಬಿಡುತ್ತದೆ: ಈ ಓದಿಗೆ ಎಷ್ಟು ಖರ್ಚು, ಈಗ ಅದನ್ನು ಯಾರು ಕೊಡುತ್ತಿದ್ದಾರೆ, ಮುಂದೆ ಯಾರು ತೀರಿಸಬೇಕು?

ನಾವು ಹಣದ ಮಾತು ಆಡದವರೇನಲ್ಲ. ನಾಲ್ಕು ಜನ ಸೇರಿದರೆ ಬೆಂಗಳೂರಿನ ಸೈಟಿನ ಬೆಲೆ, ಷೇರು ಪೇಟೆ, ರೂಪಾಯಿ ಡಾಲರಿನ ದರ ಇವು ಬಿಟ್ಟು ಬೇರೆ ಮಾತಿಲ್ಲ. ಆದರೆ ಮಕ್ಕಳು ಹತ್ತಿರ ಬಂದರೆ ವಿಷಯ ಬದಲಾಗುತ್ತದೆ. 'ಅವರು ಓದಿಕೊಳ್ಳಲಿ, ದುಡ್ಡಿನ ಚಿಂತೆ ನಮಗಿರಲಿ' ಎನ್ನುವುದು ನಮ್ಮ ಪ್ರೀತಿಯ ರೀತಿ. ಇಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಕಾಲೇಜಿನ ಓದಿಗೆ ಖರ್ಚಾಗುವ ಹಣ ಮಗುವಿನ ತಲೆಯ ಮೇಲಿನ ಸಾಲವೇ? ಹೌದಾದರೆ, ಯಾರಿಗೆ ತೀರಿಸಬೇಕಾದ ಸಾಲ? ಅಲ್ಲವಾದರೆ, ಅದು ಮತ್ತೇನು? ಈ ಪ್ರಶ್ನೆಗೆ ಉತ್ತರ ತಿಳಿಯದೆ ಬರೀ ಬಜೆಟ್ಟು, ಬಡ್ಡಿ ಕಲಿಸಿದರೆ ಪಾಠ ಅರ್ಧವೇ ಆಗುತ್ತದೆ.

ತಿಳಿದು ಮಾಡಿದ ಸಹಿ

ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ನಮ್ಮ ವೃತ್ತಿಯ ನಿಯಮ. ಬರೀ ಸಹಿ ಇದ್ದರಾಗದು. ಏನು ಮಾಡಲಿದ್ದೇವೆ, ಅದರಲ್ಲಿ ಅಪಾಯವೇನು, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ, ಬೇರೆ ದಾರಿ ಉಂಟೇ ಎಂಬ ನಾಲ್ಕನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿರಬೇಕು. ಹಾಗೆ ಹೇಳದೆ ಪಡೆದ ಸಹಿ ಒಪ್ಪಿಗೆಯೇ ಅಲ್ಲ ಎಂದು ನಮಗೆ ಮೊದಲ ವರ್ಷದಿಂದಲೂ ಹೇಳಿಕೊಡುತ್ತಾರೆ.

ಈಗ ಹದಿನೆಂಟರ ಹುಡುಗನೊಬ್ಬ ಅಮೆರಿಕಾದ ಫೆಡರಲ್ ಸರ್ಕಾರದಿಂದ ವಿದ್ಯಾರ್ಥಿ ಸಾಲ ಪಡೆಯುವುದನ್ನು ನೋಡಿ. ಅದಕ್ಕೆ ತಂದೆ ತಾಯಿಯ ಸಹಿ ಬೇಕಿಲ್ಲ. ಮೊದಲ ಸಲ ಪಡೆಯುವವರಿಗೆ ಕಂಪ್ಯೂಟರಿನಲ್ಲಿ ಒಂದು ಕಡ್ಡಾಯ ಪಾಠವಿದೆ. ಹುಡುಗರು ಅದನ್ನು ಪುಟ ತಿರುವಿದಂತೆ ಕ್ಲಿಕ್ಕು ಮಾಡುತ್ತ ಮುಗಿಸಿಬಿಡಬಹುದು. ಹೆತ್ತವರನ್ನು ಅವಲಂಬಿಸಿದ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರು, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500. ಪದವಿ ಮುಗಿಯುವ ತನಕ ಒಟ್ಟು 31,000 ಡಾಲರಿನ ಮಿತಿ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಓದುವಾಗಿನ ಬಡ್ಡಿಯನ್ನು ಸರ್ಕಾರವೇ ಕೊಡುತ್ತದೆ. ಇದು ಮನೆಯ ಅಗತ್ಯ ನೋಡಿ ಸಿಗುವಂಥದು, ಮೊದಲ ವರ್ಷ 3,500 ಮೀರುವುದಿಲ್ಲ. ಇನ್ನೊಂದರಲ್ಲಿ ಹಣ ಕೈಸೇರಿದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಹುಡುಗ ಗ್ರಂಥಾಲಯದಲ್ಲಿ ಓದುತ್ತಿರಲಿ, ನಿದ್ರಿಸುತ್ತಿರಲಿ, ಅದಕ್ಕೆ ರಜೆಯಿಲ್ಲ. ಓದು ಮುಗಿದ ಅಥವಾ ಬಿಟ್ಟ ಆರು ತಿಂಗಳಿಗೆ ಕಂತು ಶುರು.

ಇನ್ನೊಂದು ಮಾತನ್ನು ಬಹಳ ಜನ ಹೆತ್ತವರೂ ಗಮನಿಸುವುದಿಲ್ಲ. ಅಮೆರಿಕಾದಲ್ಲಿ ವ್ಯಾಪಾರ ಮುಳುಗಿದವನು ದಿವಾಳಿ ಘೋಷಿಸಿ ಹೊಸದಾಗಿ ಬದುಕು ಶುರುಮಾಡಬಹುದು. ವಿದ್ಯಾರ್ಥಿ ಸಾಲಕ್ಕೆ ಆ ದಾರಿ ಬಹಳ ಕಿರಿದು. 1998ರ ಕಾನೂನಿನ ಮೇಲೆ ಸರ್ಕಾರಿ ಸಾಲಕ್ಕೂ, 2005ರ ಕಾನೂನಿನ ಮೇಲೆ ಬಹುಪಾಲು ಖಾಸಗಿ ವಿದ್ಯಾರ್ಥಿ ಸಾಲಕ್ಕೂ, ವಿಪರೀತ ಸಂಕಷ್ಟವನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡದೆ ದಿವಾಳಿಯ ಬಿಡುಗಡೆಯಿಲ್ಲ. ಐವತ್ತು ವರ್ಷದ ವ್ಯಾಪಾರಿಗೆ ಸಿಗುವ ವಿನಾಯಿತಿ ಹದಿನೆಂಟರ ಹುಡುಗ ಹಾಕಿದ ಸಹಿಗೆ ಸಿಗುವುದಿಲ್ಲ ಎಂದಾಯಿತು. ಇದು ಅವನಿಗೆ ಗೊತ್ತಿದ್ದು ಸಹಿ ಹಾಕಿದರೆ ಒಪ್ಪಿಗೆ. ಗೊತ್ತಿಲ್ಲದೆ ಹಾಕಿದರೆ ಬರೀ ಗೀಚು. ಗೊತ್ತು ಮಾಡಿಸಬೇಕಾದವರು ಯಾರು? ಬ್ಯಾಂಕು ಮಾಡುವುದಿಲ್ಲ, ಕಾಲೇಜು ಅರೆಮನಸ್ಸಿನಿಂದ ಮಾಡುತ್ತದೆ. ಉಳಿದವರು ನಾವೇ.

ಎರಡು ಮಾತು, ಎರಡು ಅರ್ಥ

ಇಂಗ್ಲಿಷಿನ ಡೆಟ್ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಎರಡು ಮಾತುಗಳಿವೆ. ನಿಘಂಟಿನಲ್ಲಿ ಎರಡಕ್ಕೂ ಒಂದೇ ಅರ್ಥ ಕೊಟ್ಟಿರಬಹುದು, ಆದರೆ ಆಡುಮಾತು ಹೆಚ್ಚು ಜಾಣತನದ್ದು. 'ಅಂಗಡಿಯವನ ಸಾಲ' ಎನ್ನುತ್ತೇವೆ, 'ಅನ್ನದ ಋಣ' ಎನ್ನುತ್ತೇವೆ. ಅನ್ನದ ಸಾಲ ಎಂದು ಯಾರೂ ಹೇಳುವುದಿಲ್ಲ. ಸಾಲಕ್ಕೆ ಮೊತ್ತವುಂಟು, ಬಡ್ಡಿಯುಂಟು, ಗಡುವುಂಟು, ತೀರಿದಾಗ ರಸೀತಿಯುಂಟು. ಋಣಕ್ಕೆ ಇವು ಯಾವುವೂ ಇಲ್ಲ. ಚೆಕ್ಕು ಬರೆದು ಋಣ ತೀರಿಸಲು ಹೋದರೆ ಕೊಟ್ಟವರಿಗೆ ಅವಮಾನ.

ಹಳಬರು ಇದನ್ನು ಚೆನ್ನಾಗಿ ಯೋಚಿಸಿದ್ದರು. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣ ಹೊತ್ತು ಬರುತ್ತಾನೆ ಎನ್ನುತ್ತದೆ ತೈತ್ತಿರೀಯ ಸಂಹಿತೆ. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನು ಸೇರಿಸುತ್ತದೆ. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಋಷಿಋಣ. ವಿದ್ಯೆ ಕೊಟ್ಟವರ ಋಣ ಕಳೆಯುವುದು ಶುಲ್ಕದಿಂದ ಅಲ್ಲ, ಅಧ್ಯಯನದಿಂದ. ಮನುಷ್ಯರ ಋಣ ಕಳೆಯುವುದು ಬಂದವರಿಗೆ ಆಶ್ರಯ, ಅನ್ನ ಕೊಡುವುದರಿಂದ. ಅಂದರೆ ಋಣವನ್ನು ಪಡೆದವರಿಗೇ ಹಿಂದಿರುಗಿಸಬೇಕೆಂದಿಲ್ಲ. ಮುಂದಿನವರಿಗೆ ದಾಟಿಸಿದರೂ ಸಂದಾಯವಾಗುತ್ತದೆ. ಸಾಲದಲ್ಲಿ ಹಾಗೆ ಮಾಡಲು ಬಾರದು. ಬ್ಯಾಂಕಿನ ಕಂತನ್ನು ಪಕ್ಕದ ಮನೆಯವರಿಗೆ ಕೊಟ್ಟು ಕೈತೊಳೆದುಕೊಳ್ಳಲಾದೀತೇ?

ನನಗೆ ತೋರುವುದಿಷ್ಟು: ಹಣದ ವಿಷಯದಲ್ಲಿ ನಮ್ಮ ಮನೆಗಳ ಬಹುಪಾಲು ನೋವು ಈ ಎರಡನ್ನು ಕಲಸಿಕೊಳ್ಳುವುದರಿಂದ ಬರುತ್ತದೆ. ಸಾಲವನ್ನು ಪಾಪಪುಣ್ಯದ ಮಾತಾಗಿ ಮಾಡುತ್ತೇವೆ. ಋಣವನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುತ್ತೇವೆ.

ಸಾಲಕ್ಕೆ ಬೇಕಾದದ್ದು ಲೆಕ್ಕ, ನಾಚಿಕೆಯಲ್ಲ

ಸಾಲದ ಸುಖದುಃಖದ ಬಗ್ಗೆ ಸರ್ವಜ್ಞ ಹೇಳಿದ್ದನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ ಮಾಡಿದವರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದೂ ಗೊತ್ತು. ಆದರೆ ಗಾದೆಯಲ್ಲಿ ಬಡ್ಡಿಯ ಕೋಷ್ಟಕವಿರುವುದಿಲ್ಲ. ಮಕ್ಕಳಿಗೆ ಅದು ಬೇಕು.

ಒಬ್ಬ ಹುಡುಗಿ ಕ್ರೆಡಿಟ್ ಕಾರ್ಡಿನಲ್ಲಿ 3,000 ಡಾಲರು ಬಾಕಿ ಉಳಿಸಿಕೊಂಡಳು ಎನ್ನಿ. ಬಡ್ಡಿ ವರ್ಷಕ್ಕೆ ಶೇಕಡಾ 24. ಈಗಿನ ಕಾರ್ಡುಗಳಲ್ಲಿ ಇದೇನೂ ಅಪರೂಪವಲ್ಲ. ತಿಂಗಳಿಗೆ 75 ಡಾಲರು ತಪ್ಪದೆ ಕಟ್ಟುತ್ತಾಳೆ, ಹೊಸದಾಗಿ ಒಂದು ಪೈಸೆಯ ಸಾಮಾನೂ ಕೊಳ್ಳುವುದಿಲ್ಲ. ಮೊದಲ ತಿಂಗಳ 75ರಲ್ಲಿ 60 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 15. ಸಾಲ ತೀರಲು ಸುಮಾರು ಆರು ಮುಕ್ಕಾಲು ವರ್ಷ ಬೇಕು, ಕೊಟ್ಟ ಹಣ ಒಟ್ಟು 6,100 ಡಾಲರಿನ ಆಸುಪಾಸು. ಮೊದಲ ವರ್ಷ ತಿಂದ ಪಿಜ್ಜಾದ ಕಂತು ಅವಳ ಮದುವೆಯ ಊಟದ ಹೊತ್ತಿಗೂ ಮುಗಿದಿರುವುದಿಲ್ಲ! ಇನ್ನೂ ಸರಳವಾಗಿ ತಿಳಿಯಬೇಕಾದರೆ 72 ಎಂಬ ಸಂಖ್ಯೆಯನ್ನು ಬಡ್ಡಿಯ ದರದಿಂದ ಭಾಗಿಸಿ. ಎಷ್ಟು ವರ್ಷದಲ್ಲಿ ಹಣ ದುಪ್ಪಟ್ಟಾಗುತ್ತದೆಂದು ಹೆಚ್ಚುಕಮ್ಮಿ ಸಿಗುತ್ತದೆ. ಶೇಕಡಾ 24ರಲ್ಲಿ ಮೂರೇ ವರ್ಷ.

ನಮ್ಮ ಹಿಂದಿನವರು ಬಡ್ಡಿಯ ಈ ಸ್ವಭಾವವನ್ನು ಕಂಡಿದ್ದರು. ಒಂದೇ ಬಾರಿಗೆ ವಸೂಲಿ ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬ ನಿಯಮ ಹಣದ ಸಾಲಕ್ಕೆ ಮನುಸ್ಮೃತಿಯಲ್ಲೇ ಇದೆ. ಧಾರವಾಡ, ಬೆಳಗಾವಿ, ಬಿಜಾಪುರಗಳು ಸೇರಿದ್ದ ಹಳೆಯ ಮುಂಬೈ ಪ್ರಾಂತ್ಯದಲ್ಲಿ ಬ್ರಿಟಿಷರ ನ್ಯಾಯಾಲಯಗಳೂ ಇದನ್ನು ದಾಮದುಪ್ಪಟ್ಟು ಎಂಬ ಹೆಸರಿನಲ್ಲಿ ಒಪ್ಪಿಕೊಂಡಿದ್ದವು. ಅಮೆರಿಕಾದ ಕ್ರೆಡಿಟ್ ಕಾರ್ಡಿಗೆ ಅಂಥ ಗೋಡೆಯಿಲ್ಲ. ಗೋಡೆಯನ್ನು ನಾವೇ ಕಟ್ಟಿಕೊಳ್ಳಬೇಕು: ತಿಂಗಳ ಬಿಲ್ಲನ್ನು ಆ ತಿಂಗಳೇ ಪೂರ್ತಿ ಕಟ್ಟುವುದು.

ಒಂದು ಕಾಲದಲ್ಲಿ ಕ್ಯಾಂಪಸ್ಸುಗಳಲ್ಲಿ ಮೇಜು ಹಾಕಿ, ಟೀ ಷರಟು ಹಂಚಿ, ವಿದ್ಯಾರ್ಥಿಗಳಿಗೆ ಕಾರ್ಡು ಅಂಟಿಸುತ್ತಿದ್ದರು. 2009ರ ಕಾನೂನು ಅದನ್ನು ತಡೆಯಿತು. ಈಗ 21 ತುಂಬದವರಿಗೆ ಸ್ವಂತ ಆದಾಯವಾಗಲಿ, ಜೊತೆಗೆ ಸಹಿ ಹಾಕುವ ಹಿರಿಯರಾಗಲಿ ಇಲ್ಲದೆ ಕಾರ್ಡು ಕೊಡುವಂತಿಲ್ಲ. ಆದರೂ ಕಾರ್ಡು ವಿಷವಲ್ಲ. ಅದು ಔಷಧಿಯ ಹಾಗೆ, ಪ್ರಮಾಣ ಮುಖ್ಯ. ಸರಿಯಾಗಿ ಬಳಸಿದರೆ 300ರಿಂದ 850ರ ವರೆಗಿನ ಆ ಪ್ರಸಿದ್ಧ ಸ್ಕೋರು ಬೆಳೆಯುತ್ತದೆ, ಮುಂದೆ ಮನೆ ಬಾಡಿಗೆಗೂ ಕಾರಿನ ಸಾಲಕ್ಕೂ ಅದೇ ಆಧಾರ. ಆ ಸ್ಕೋರಿನ ಸುಮಾರು ಮೂರನೇ ಒಂದು ಭಾಗ ನಿಂತಿರುವುದು ಹೊತ್ತಿಗೆ ಸರಿಯಾಗಿ ಕಟ್ಟಿದಿರಾ ಎಂಬುದರ ಮೇಲೆ. ತಡವಾದ ಕಂತಿನ ಗುರುತು ಏಳು ವರ್ಷ ಅಳಿಯುವುದಿಲ್ಲ.

ಸಾಲ ರಕ್ತದೊತ್ತಡದಂತೆ, ಶುರುವಿನಲ್ಲಿ ನೋವಿಲ್ಲ. ನೋವು ಬರುವ ಹೊತ್ತಿಗೆ ಕೆಡುಕು ನಡೆದಿರುತ್ತದೆ. ಆದರೆ ನನ್ನ ಅನುಭವದಲ್ಲಿ ರೋಗಿಗೆ ರೋಗಕ್ಕಿಂತ ಹೆಚ್ಚು ಹಾನಿ ಮಾಡುವುದು ನಾಚಿಕೆ. ಬೈಯುತ್ತಾರೆಂಬ ಭಯದಿಂದ ಸಿಗರೇಟು, ಕುಡಿತ, ಬಿಟ್ಟ ಮಾತ್ರೆ ಎಲ್ಲವನ್ನೂ ಮುಚ್ಚಿಡುತ್ತಾರೆ. ಸಾಲವೂ ಅಷ್ಟೆ. ಸಾಲವೆಂದರೆ ಮಾನ ಹೋದಂತೆ ಎಂದು ಬೆಳೆದ ಮಗು 800 ಡಾಲರಿನ ಬಾಕಿಯನ್ನು ಅಪ್ಪನಿಗೆ ಹೇಳದೆ, ಅದನ್ನು ಮುಚ್ಚಲು ಇನ್ನೊಂದು ಕಾರ್ಡು ತೆಗೆದು, 8,000 ಆದಾಗ ಹೇಳುತ್ತದೆ. 'ಅಪ್ಪಾ, ಈ ತಿಂಗಳು ಲೆಕ್ಕ ತಪ್ಪಿತು' ಎಂದು ಫೋನಿನಲ್ಲಿ ಹೇಳುವ ಧೈರ್ಯ ಮಗುವಿಗೆ ಇರಬೇಕಾದರೆ, ಹೇಳಿದ ದಿನ ನಾವು ಉಪದೇಶ ಶುರುಮಾಡಬಾರದು. ಬಾಕಿ ಎಷ್ಟು, ಬಡ್ಡಿ ಎಷ್ಟು, ತೀರಿಸುವ ದಾರಿ ಯಾವುದು ಎಂದು ಮೂರೇ ಪ್ರಶ್ನೆ ಕೇಳಿದರೆ ಸಾಕು.

ಋಣಕ್ಕೆ ಬೇಕಾದದ್ದು ತಿಳಿವಳಿಕೆ, ವಸೂಲಿಯಲ್ಲ

ಎರಡನೆಯ ಕಲಸುಮೇಲೋಗರ ಹಿರಿಯರದು. 'ನಿನಗಾಗಿ ಎರಡು ಲಕ್ಷ ಡಾಲರು ಸುರಿದಿದ್ದೇನೆ, ನೀನು ಇತಿಹಾಸ ಓದುತ್ತೀನಿ ಅಂತೀಯಾ?' ಎಂಬ ಮಾತು ಕೋಪದಲ್ಲಿ ಬಂದದ್ದಾದರೂ ಅದರ ಪರಿಣಾಮ ದೊಡ್ಡದು. ಅಲ್ಲಿಯ ತನಕ ಪ್ರೀತಿಯಾಗಿದ್ದದ್ದು ಆ ಕ್ಷಣದಲ್ಲಿ ಸಾಲವಾಗುತ್ತದೆ. ಸಾಲ ಕೊಟ್ಟವನಿಗೆ ಷರತ್ತು ಹಾಕುವ ಹಕ್ಕುಂಟು, ನಿಜ. ಆದರೆ ಷರತ್ತನ್ನು ಕೊಡುವ ಮುಂಚೆ ಹೇಳಬೇಕು. ಕೊಟ್ಟ ಮೂರು ವರ್ಷದ ಮೇಲೆ ಹಾಕುವ ಷರತ್ತು ಯಾವ ಧರ್ಮದಲ್ಲೂ ನ್ಯಾಯವಲ್ಲ.

ತಂದೆ ಮಾಡಿದ ಸಾಲ ಮಗನ ಮೇಲೆ ಬರುವುದು ಎಂಬ ಭಾವನೆ ನಮ್ಮಲ್ಲಿ ಹಳೆಯದು. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಕಾರಣವನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗುವ ಹಕ್ಕು ಸಾಲಿಗರಿಗಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಮುಂದಿನ ಸಾಲಗಳಿಗೆ ಅದನ್ನು ತೆಗೆದುಹಾಕಿತು. ಅಮೆರಿಕಾದಲ್ಲೂ ಹೆತ್ತವರು ಮಕ್ಕಳ ಓದಿಗಾಗಿ ಸರ್ಕಾರದಿಂದ ಪಡೆಯುವ ಪೇರೆಂಟ್ ಪ್ಲಸ್ ಸಾಲ ಕಾನೂನಿನಲ್ಲಿ ಹೆತ್ತವರದೇ, ಮಗುವಿನದಲ್ಲ. ಹೊಸದಾಗಿ ಪಡೆಯುವವರಿಗೆ ಇದಕ್ಕೆ 2025ರ ಕಾನೂನು 2026ರ ಜುಲೈ 1ರಿಂದ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿ ಹಾಕಿದೆ. ವೈದ್ಯಕೀಯದಂಥ ವೃತ್ತಿಶಿಕ್ಷಣಕ್ಕೂ ಅದೇ ದಿನದಿಂದ ಹೊಸಬರಿಗೆ ವರ್ಷಕ್ಕೆ 50,000, ಒಟ್ಟು 2,00,000ದ ಮಿತಿ. 'ಹೇಗೋ ಆಗುತ್ತದೆ, ಸಾಲ ಸಿಗುತ್ತದೆ' ಎಂದು ಕೊನೆಯ ಗಳಿಗೆಯ ತನಕ ತಳ್ಳುವ ಕಾಲ ಹೋಯಿತು. ಯಾವುದು ನಮ್ಮ ಪಾಲು, ಯಾವುದು ಮಗುವಿನ ಪಾಲು ಎಂಬುದನ್ನು ಕಾಲೇಜು ಆರಿಸುವ ಮುಂಚೆಯೇ ಮಾತಾಡಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. 'ಇದೆಲ್ಲ ಅಮೆರಿಕಾದವರ ಬುದ್ಧಿ. ನಮ್ಮ ತಂದೆ ತಾಯಿ ಒಡವೆ ಅಡವಿಟ್ಟು ಓದಿಸಲಿಲ್ಲವೇ? ನನ್ನ ಪಾಲು ನಿನ್ನ ಪಾಲು ಎಂದರೇ? ಹಾಗೆಂದು ನಾವು ಅವರನ್ನು ಕೈಬಿಟ್ಟೆವೇ?' ಈ ಮಾತಿನಲ್ಲಿ ಸತ್ಯವಿದೆ. ಅವರು ಲೆಕ್ಕ ಬರೆಯಲಿಲ್ಲ, ನಾವೂ ಲೆಕ್ಕವಿಟ್ಟು ಹಣ ಕಳಿಸಲಿಲ್ಲ. ಆದರೆ ಒಂದು ವ್ಯತ್ಯಾಸ ಮರೆಯುತ್ತೇವೆ. ಆ ಮನೆಗಳಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಅಮ್ಮನ ಕೈಯ ಬಳೆ ಗಿರವಿ ಅಂಗಡಿ ಸೇರಿದ ದಿನ ಆ ಕೈ ಬರಿದಾದದ್ದನ್ನು ಮಕ್ಕಳು ನೋಡಿದರು. ತೋಟದ ಒಂದು ಭಾಗ ಮಾರಿದಾಗ ಮುಂದಿನ ವರ್ಷ ಅಲ್ಲಿಂದ ತೆಂಗಿನಕಾಯಿ ಬರಲಿಲ್ಲ. ಯಾರೂ ಹೇಳದೆ ತಿಳಿಯಿತು, ತಿಳಿದದ್ದರಿಂದ ಋಣ ಹುಟ್ಟಿತು. ಇಲ್ಲಿ ಕಾಲೇಜಿನ ಫೀಸು ಒಂದು ಖಾತೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹರಿದುಹೋಗುತ್ತದೆ. ಅಪ್ಪ ಮಾಡಿದ ವಾರಾಂತ್ಯದ ಪಾಳಿ, ಅಮ್ಮ ಮುಂದೂಡಿದ ಊರಿನ ಪ್ರಯಾಣ ಫೀಸಿನ ರಸೀತಿಯಲ್ಲಿ ಕಾಣುವುದಿಲ್ಲ. ಕಾಣದ ತ್ಯಾಗಕ್ಕೆ ಕೃತಜ್ಞತೆ ಎಲ್ಲಿಂದ ಬರಬೇಕು? ಮಕ್ಕಳಿಗೆ ಕೃತಜ್ಞತೆಯಿಲ್ಲ ಎಂದು ಕೊರಗುವ ಮೊದಲು, ಕೃತಜ್ಞರಾಗಲು ಬೇಕಾದ ತಿಳಿವಳಿಕೆಯನ್ನು ಅವರಿಗೆ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳೋಣ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ಬಿಲ್ಲನ್ನು ತೋರಿಸಬೇಕು, ಆದರೆ ವಸೂಲಿಗಾಗಿ ಅಲ್ಲ. ತೋರಿಸದಿದ್ದರೆ ಮಗು ಅಜ್ಞಾನದಲ್ಲಿ ಉಳಿಯುತ್ತದೆ, ವಸೂಲಿಗೆ ನಿಂತರೆ ಮನೆ ಬ್ಯಾಂಕಾಗುತ್ತದೆ.

ಸಾಲವಿಲ್ಲದೆ ಓದಿದವರು

ನನ್ನ ವಯಸ್ಸಿನ ವೈದ್ಯರು, ಎಂಜಿನಿಯರುಗಳು ಮಕ್ಕಳ ಮುಂದೆ ಒಂದು ಮಾತು ಹೇಳುವುದುಂಟು: 'ನಾವು ಒಂದು ಪೈಸೆ ಸಾಲವಿಲ್ಲದೆ ಓದಿದೆವು.' ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಓದಿದವರಿಗೆ ಇದು ನಿಜ. ಆಗ ಎಂ.ಬಿ.ಬಿ.ಎಸ್‌ಗೆ ನಾವು ಕಟ್ಟುತ್ತಿದ್ದ ವಾರ್ಷಿಕ ಶುಲ್ಕ ಇಲ್ಲಿ ಒಂದು ಪಠ್ಯಪುಸ್ತಕಕ್ಕೂ ಸಾಲದು. ಆದರೆ ಪ್ರಯೋಗಶಾಲೆ, ಪ್ರಾಧ್ಯಾಪಕರ ಸಂಬಳ, ಆಸ್ಪತ್ರೆಯ ಹಾಸಿಗೆ ಯಾವುದೂ ಪುಕ್ಕಟೆ ಬಂದದ್ದಲ್ಲ. ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕೊಟ್ಟ ಜನ ಅದನ್ನು ಭರಿಸಿದರು. ಅದಕ್ಕಿಂತ ದೊಡ್ಡದು, ಜನರಲ್ ವಾರ್ಡಿನಲ್ಲಿ ಮಲಗಿದ್ದ ಬಡ ರೋಗಿಗಳು ತಮ್ಮ ಮೈಯನ್ನೇ ನಮ್ಮ ಪಠ್ಯಪುಸ್ತಕ ಮಾಡಿದರು. ಹತ್ತು ಜನ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಹೊಟ್ಟೆ ಒತ್ತಿ ನೋಡಿದರೂ 'ನೋಡಿ ಸ್ವಾಮಿ, ಕಲೀರಿ' ಎಂದವರು ಅವರು. ನಾವು ಸಾಲವಿಲ್ಲದೆ ಓದಿದವರು ಹೌದು, ಋಣವಿಲ್ಲದೆ ಓದಿದವರಲ್ಲ. ನಮ್ಮ ಮಕ್ಕಳಿಗೆ ಸಾಲವಿದೆ. ಅದು ಎಣಿಸಲು ಬರುವಂಥದು, ಒಂದು ದಿನ ತೀರುವಂಥದು. ನಮ್ಮದಕ್ಕೆ ಆ ಸೌಲಭ್ಯವಿಲ್ಲ. ಈ ಮಾತನ್ನು ಸೇರಿಸಿ ಹೇಳಿದರೆ ಮಕ್ಕಳಿಗೆ ನಮ್ಮ ಕಥೆ ಜಂಬದಂತೆ ಕೇಳುವುದಿಲ್ಲ.

ಊರಿನಿಂದ ನೇರವಾಗಿ ಎಂ.ಎಸ್. ಓದಲು ಬರುವ ವಿದ್ಯಾರ್ಥಿಗಳ ಪಾಡು ಇನ್ನೂ ಬೇರೆ. ಅಮೆರಿಕಾದ ಸರ್ಕಾರದ ವಿದ್ಯಾರ್ಥಿ ಸಾಲ ಅವರಿಗಿಲ್ಲ. ಅನೇಕರು ತಂದೆಯ ಮನೆಯನ್ನೋ ಜಮೀನನ್ನೋ ಬ್ಯಾಂಕಿಗೆ ಆಧಾರವಾಗಿಟ್ಟು ಬಂದಿರುತ್ತಾರೆ. ಇಲ್ಲಿ ನೆಲೆ ನಿಂತವರು ಅಂಥವರನ್ನು ಹಬ್ಬದ ದಿನ ಊಟಕ್ಕೆ ಕರೆದರೆ, ಒಂದು ಹಳೆಯ ಮೇಜು ಕುರ್ಚಿ ಕೊಟ್ಟರೆ, ಬಾಡಿಗೆ ಕರಾರು ಓದಿ ಹೇಳಿದರೆ, ಶತಪಥ ಬ್ರಾಹ್ಮಣ ಹೇಳಿದ ನಾಲ್ಕನೆಯ ಋಣದ ಒಂದು ಕಂತು ಕಟ್ಟಿದಂತೆ.

ಕಾಲೇಜಿಗೆ ಹೊರಟವರಿಗೆ ಕೆಲವು ಮಾತು

ಕನ್ನಡ ಓದಲು ಬಾರದ ಮಕ್ಕಳಿಗೆ ಇದಿಷ್ಟನ್ನಾದರೂ ಮನೆಯ ಹಿರಿಯರು ಓದಿ ಹೇಳಲಿ.

1. ಮೊದಲು ಸ್ಕಾಲರ್‌ಶಿಪ್ಪು ಮತ್ತು ಅನುದಾನ, ಆಮೇಲೆ ಸರ್ಕಾರ ಬಡ್ಡಿ ಕೊಡುವ ಸಾಲ, ನಂತರ ಸರ್ಕಾರದ ಇನ್ನೊಂದು ಸಾಲ, ಕಟ್ಟಕಡೆಗೆ ಖಾಸಗಿ ಸಾಲ. ಈ ಅನುಕ್ರಮ ತಪ್ಪಿಸಬೇಡಿ. ಮಂಜೂರಾದಷ್ಟನ್ನೂ ತೆಗೆದುಕೊಳ್ಳಬೇಕೆಂಬ ನಿಯಮವಿಲ್ಲ.

2. ಒಂದೇ ಕಾರ್ಡು. ತಿಂಗಳ ಬಿಲ್ಲು ಪೂರ್ತಿ ತಾನಾಗಿಯೇ ಸಂದಾಯವಾಗುವಂತೆ ಏರ್ಪಾಡು ಮಾಡಿ. ಕನಿಷ್ಠ ಮೊತ್ತ ಎಂದು ಅಚ್ಚಾಗಿರುವುದು ಬ್ಯಾಂಕಿನ ಸಲಹೆ, ನಿಮ್ಮ ಹಿತೈಷಿಯ ಸಲಹೆಯಲ್ಲ.

3. ಗೆಳೆಯನ ಸಾಲಕ್ಕೆ ಜೊತೆಯಲ್ಲಿ ಸಹಿ ಹಾಕಬೇಡಿ. ಅವನು ಕಟ್ಟದಿದ್ದರೆ ಪೂರ್ತಿ ಸಾಲ ನಿಮ್ಮದು. ಕೊಡುವ ಮನಸ್ಸಿದ್ದರೆ ಕೈಲಾದಷ್ಟು ಕೊಟ್ಟು ಮರೆತುಬಿಡಿ.

4. ದುಡಿದ ಹಣದಲ್ಲಿ ಸ್ವಲ್ಪವನ್ನು ರಾತ್ ಐಆರ್‌ಎ ಖಾತೆಯಲ್ಲಿಡಿ. ಇಪ್ಪತ್ತನೆಯ ವಯಸ್ಸಿನಲ್ಲಿಟ್ಟ 1,000 ಡಾಲರು ವರ್ಷಕ್ಕೆ ಶೇಕಡಾ 7ರಂತೆ ಬೆಳೆದರೆ ಅರವತ್ತೈದಕ್ಕೆ ಸುಮಾರು 21,000. ಮೂವತ್ತರಲ್ಲಿಟ್ಟರೆ ಅದರ ಅರ್ಧ ಮಾತ್ರ. ನಿಮ್ಮನ್ನು ಸುಡುವ ಬಡ್ಡಿಯೇ ನಿಮ್ಮ ಕಡೆಗಿದ್ದರೆ ಅಡಿಗೆ ಮಾಡಿಕೊಡುತ್ತದೆ.

5. ಪ್ರತಿ ಸೆಮಿಸ್ಟರಿನ ಕೊನೆಗೆ ನಿಮ್ಮ ಹೆಸರಿನಲ್ಲಿರುವ ಒಟ್ಟು ಸಾಲ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದಿಡಿ. ಕೇಳಿದರೆ ನಿದ್ದೆಗಣ್ಣಿನಲ್ಲೂ ಆ ಸಂಖ್ಯೆ ಹೇಳುವಂತಿರಬೇಕು.

ಹಿರಿಯರಲ್ಲಿ ನನ್ನ ಬೇಡಿಕೆ ಒಂದೇ. ಸಾಮಾನು ಕಟ್ಟುವ ಮುಂಚೆ ಒಂದು ಸಂಜೆ ಊಟವಾದ ಮೇಲೆ ಟಿ.ವಿ. ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಬಿಡಿಸಿ. ಮನೆಯ ಆದಾಯ, ಮನೆಯ ಸಾಲ, ನಮ್ಮ ಮುಪ್ಪಿಗೆಂದು ಇಟ್ಟದ್ದು, ಊರಿನಲ್ಲಿರುವ ಅಜ್ಜಿಗೆ ಕಳಿಸುವುದು, ಕಾಲೇಜಿಗೆ ಕೊಡಬಲ್ಲದ್ದು, ಕೊಡಲಾಗದ್ದು ಎಲ್ಲವನ್ನೂ ಹೇಳಿ. ಅಜ್ಜಿಗೆ ಏಕೆ ಕಳಿಸುತ್ತೀರಿ ಎಂದು ಮಗು ಕೇಳೀತು. ಅದಕ್ಕೆ ಉತ್ತರ ಕೊಡುವಾಗ ಋಣವೆಂದರೇನು ಎಂಬ ಪಾಠವೂ ಮುಗಿದಿರುತ್ತದೆ.